ಉತ್ತರಕ್ಕಾಗಿ ಬಿಟ್ಟ ಬಿಡುವು

ಥಾಣೆಯಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ವರೆಗೆ ಸ್ಲೋ ಲೋಕಲ್‌ನಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣ. ಕಚೇರಿಗೆ ಹೋಗುವ ಈ ಒಂದು ಗಂಟೆಯನ್ನು ಕಳೆದ ಒಂದೂವರೆ ವರ್ಷದಿಂದ ನಾವು ಹೀಬ್ರೂ ಭಾಷೆಯ ಧ್ವನಿಪಾಠಗಳಿಗೆ ಮೀಸಲಿಟ್ಟಿದ್ದೇವೆ. ಒಂದು ಪಾಠಕ್ಕೆ ಅರ್ಧ ಗಂಟೆ. ಹಾಗಾಗಿ ಒಂದೇ ಪಾಠವನ್ನು ಎರಡು ಸಲ ಕೇಳುವಷ್ಟರಲ್ಲಿ ನಮ್ಮ ನಿಲ್ದಾಣ ಬಂದಿರುತ್ತದೆ. ಒಂದು ಧ್ವನಿ ಇಂಗ್ಲಿಷಿನಲ್ಲಿ ಸಂದರ್ಭವನ್ನು ಹೇಳುತ್ತದೆ: ದಾರಿಯಲ್ಲಿ ಒಬ್ಬ ಹೆಂಗಸು ಎದುರಾಗಿದ್ದಾಳೆ, ಅವಳಿಗೆ ಹೀಬ್ರೂ ಅರ್ಥವಾಗುವುದೇ ಎಂದು ಕೇಳಿ. ಆಮೇಲೆ ಮೌನ. ಆ ಮೌನದೊಳಗೆ ಕಲಿಯುವವನು ಬಾಯಿಬಿಟ್ಟು ಹೇಳಬೇಕು. ಹೇಳಿದರೂ ಸರಿ, ತಡವರಿಸಿದರೂ ಸರಿ, ನಾಲ್ಕಾರು ಕ್ಷಣಗಳ ಬಳಿಕ ಸರಿಯಾದ ಉತ್ತರ ಕಿವಿಗೆ ಬೀಳುತ್ತದೆ. ನಮ್ಮ ತುಟಿಗಳ ಚಲನೆಯನ್ನು ಕಂಡ ಸಹಪ್ರಯಾಣಿಕರೊಬ್ಬರು ಒಮ್ಮೆ, ಯಾವ ಸ್ತೋತ್ರವೆಂದು ಭಕ್ತಿಯಿಂದ ವಿಚಾರಿಸಿದ್ದುಂಟು.

ಈ ವಯಸ್ಸಿನಲ್ಲಿ ಹೀಬ್ರೂ ಏಕೆಂದು ಮಿತ್ರರು ಕೇಳುತ್ತಾರೆ. ನಾವು ಇಳಿಯುವ ನಿಲ್ದಾಣಕ್ಕೆ ಹಿಂದಿನ ನಿಲ್ದಾಣದ ಹೆಸರು ಮಸ್ಜಿದ್. ಈ ಹೆಸರು ಬಂದದ್ದು ಸಮೀಪದ ಒಂದು ಸಿನಗಾಗ್‌ನಿಂದ, ಅಂದರೆ ಯೆಹೂದ್ಯರ ಪ್ರಾರ್ಥನಾಮಂದಿರದಿಂದ, ಎಂಬ ಮಾತು ಮುಂಬಯಿಯಲ್ಲಿ ಪ್ರಚಲಿತವಾಗಿದೆ. ಮರಾಠಿ ಮಾತನಾಡುವ ಬೆನೆ ಇಸ್ರೇಲ್ ಸಮುದಾಯದವರು ತಮ್ಮ ಪ್ರಾರ್ಥನಾಮಂದಿರವನ್ನು ಮಸೀದಿ ಎಂದೇ ಕರೆಯುತ್ತಿದ್ದರು. 1796ರಲ್ಲಿ ಅದನ್ನು ಕಟ್ಟಿಸಿದವರು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್. ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಅವರು ಟಿಪ್ಪು ಸುಲ್ತಾನನ ಸೆರೆಯಾಳಾದರು. ಅವರು ಬೆನೆ ಇಸ್ರೇಲ್ ಕುಲದವರೆಂದು ತಿಳಿದ ಸುಲ್ತಾನನ ತಾಯಿ ಪ್ರಾಣಭಿಕ್ಷೆ ಕೊಡಿಸಿದಳೆಂಬುದು ಆ ಸಮುದಾಯದಲ್ಲಿ ಉಳಿದುಬಂದ ಪ್ರತೀತಿ. ಸುರಕ್ಷಿತವಾಗಿ ಮರಳಿದ ದಿವೇಕರರು ಕಟ್ಟಿಸಿದ ಆ ಮಂದಿರದ ಹೆಸರು ‘ಶಾರ್ ಹಾರಹಮೀಮ್’, ಕರುಣೆಯ ಬಾಗಿಲು. ಮೈಸೂರಿನ ಸೆರೆಯಿಂದ ಮುಂಬಯಿಯ ರೈಲು ನಿಲ್ದಾಣದವರೆಗೆ ಹರಿದುಬಂದ ಈ ಎಳೆ ನಮ್ಮನ್ನು ಮೊದಲು ಹಿಡಿದು ನಿಲ್ಲಿಸಿತು.

ಇದೇ ಬೆನೆ ಇಸ್ರೇಲ್ ಸಮುದಾಯದ ಕಥೆಯಲ್ಲಿ ಇನ್ನೊಂದು ಸಂಗತಿ ಉಂಟು. ಕೊಂಕಣ ಕರಾವಳಿಯ ಹಳ್ಳಿಗಳಲ್ಲಿ ಎಣ್ಣೆ ಗಾಣ ನಡೆಸುತ್ತ, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ ಎಂಬ ಹೆಸರು ಪಡೆದಿದ್ದ ಈ ಜನಕ್ಕೆ ಹೀಬ್ರೂ ಪೂರ್ತಿ ಮರೆತುಹೋಗಿತ್ತು. ಉಳಿದದ್ದು ‘ಶೆಮಾ’ ಎಂಬ ಒಂದೇ ಪ್ರಾರ್ಥನೆ ಎಂದು ಅವರ ಪರಂಪರೆ ಹೇಳುತ್ತದೆ. ‘ಶೆಮಾ’ ಎಂದರೆ ‘ಕೇಳು’. ಇಡೀ ಭಾಷೆ ಕೈತಪ್ಪಿದ ಮೇಲೂ ಕೇಳು ಎಂಬ ಒಂದು ಮಾತು ಬಾಯಿಂದ ಬಾಯಿಗೆ ಉಳಿದುಬಂತು. ಹತ್ತೊಂಬತ್ತನೆಯ ಶತಮಾನದಲ್ಲಿ ಕೊಚ್ಚಿಯಿಂದ ಬಂದ ಯೆಹೂದ್ಯ ಅಧ್ಯಾಪಕರಿಂದಲೂ, ಪ್ರಾರ್ಥನೆಗಳನ್ನು ಮರಾಠಿಗೆ ತಂದ ಜೋಸೆಫ್ ಎಜೆಕಿಯೆಲ್ ರಾಜ್‌ಪುರ್‌ಕರ್ ಅವರಂತಹ ವಿದ್ವಾಂಸರಿಂದಲೂ ಆ ಜನ ತಮ್ಮ ಧರ್ಮಗ್ರಂಥದ ನುಡಿಯನ್ನು ಮರಳಿ ಕಲಿತರು.

ಎಂ.ಎ. ತರಗತಿಯಲ್ಲಿ ಇಂಗ್ಲಿಷ್ ಸಾಹಿತ್ಯ ಓದುವಾಗ ಅಮಿತಾವ್ ಘೋಷ್ ಅವರ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ ಕೃತಿಯ ಮೂಲಕ ನಮಗೆ ಪರಿಚಯವಾದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನನ್ನು ಇಲ್ಲಿ ನೆನೆಯಲೇಬೇಕು. ಹನ್ನೆರಡನೆಯ ಶತಮಾನದಲ್ಲಿ ಆತ ನಮ್ಮ ಮಂಗಳೂರಿನಲ್ಲಿ ನೆಲಸಿ ವ್ಯಾಪಾರ ನಡೆಸಿದ. 1132ರಲ್ಲಿ ಆಶು ಎಂಬ ದಾಸಿಯನ್ನು ಅಲ್ಲಿಯೇ ಬಂಧಮುಕ್ತಗೊಳಿಸಿದ. ಬೊಮ್ಮ ಎಂಬ ಸೇವಕ ಅವನ ಪರವಾಗಿ ಏಡನ್‌ವರೆಗೆ ಹೋಗಿ ಬರುತ್ತಿದ್ದ. ಇವರ ಸಂಗತಿ ತಿಳಿದುಬಂದದ್ದು ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್‌ನ ‘ಗೆನೀಜಾ’ ಎಂಬ ಕಾಗದದ ಕೋಣೆಯಿಂದ. ಸವೆದ ಬರಹಗಳನ್ನು ಎಸೆಯದೆ ಕೂಡಿಡುತ್ತಿದ್ದ ಕೋಣೆ ಅದು. ಬೆನ್ ಯಿಜುವಿನ ವ್ಯಾಪಾರದ ಪತ್ರಗಳ ಅಕ್ಷರ ಹೀಬ್ರೂ. ಮಾತು ಮಾತ್ರ ಅರಬ್ಬಿ. ಅವನು ಬರೆಯುವ ಲಿಪಿ ಪೂರ್ವಿಕರದು, ವ್ಯವಹರಿಸುವ ಭಾಷೆ ಬಂದರುಗಳದು.

ಹೀಬ್ರೂ ‘ಸತ್ತ ಭಾಷೆ’ಯಾಗಿತ್ತು ಎಂದು ಹೇಳುವಾಗ ಈ ವ್ಯತ್ಯಾಸವನ್ನು ಗಮನದಲ್ಲಿಡಬೇಕು. ಕ್ರಿ.ಶ. ಎರಡು-ಮೂರನೆಯ ಶತಮಾನಗಳ ಹೊತ್ತಿಗೆ ಅದು ಮನೆಮಾತಾಗಿ ಉಳಿದಿರಲಿಲ್ಲ. ಆದರೆ ಅದು ಅಳಿದೂ ಇರಲಿಲ್ಲ. ಪ್ರಾರ್ಥನೆ, ಶಾಸ್ತ್ರಚರ್ಚೆ, ಕಾವ್ಯ, ದೂರದೇಶದ ಪತ್ರವ್ಯವಹಾರ ಇವೆಲ್ಲ ಹೀಬ್ರೂವಿನಲ್ಲಿ ನಡೆದೇ ಇದ್ದವು. ಹತ್ತೊಂಬತ್ತನೆಯ ಶತಮಾನದ ಜೆರುಸಲೇಮಿನ ಸಂತೆಯಲ್ಲಿ, ಬೇರೆ ಬೇರೆ ದೇಶಗಳಿಂದ ಬಂದ ಯೆಹೂದ್ಯರು ಪರಸ್ಪರರ ಮಾತು ತಿಳಿಯದಾಗ ಹೀಬ್ರೂವಿನಲ್ಲಿಯೇ ಹೇಗೋ ವ್ಯವಹರಿಸುತ್ತಿದ್ದರು. ಕಾಶಿಯಲ್ಲಿ ದಕ್ಷಿಣದ ಪಂಡಿತರೂ ಉತ್ತರದ ಪಂಡಿತರೂ ಸಂಸ್ಕೃತದಲ್ಲಿ ಸಂಭಾಷಿಸಿದಂತೆ. ಇಲ್ಲದೆ ಹೋದದ್ದು ಒಂದೇ: ಮಗು ಬಿದ್ದು ಮೊಣಕಾಲು ತರಚಿಕೊಂಡಾಗ ತಾಯಿ ಆಡುವ ಮಾತು.

ಆ ಕೊರತೆಯನ್ನು ತುಂಬಲು ಹೊರಟವನು ಎಲಿಯೆಜೆರ್ ಬೆನ್ ಯೆಹೂದಾ. 1858ರಲ್ಲಿ ಆಗಿನ ರಷ್ಯನ್ ಸಾಮ್ರಾಜ್ಯದ ಲುಜ್ಕಿ ಎಂಬ ಊರಿನಲ್ಲಿ ಹುಟ್ಟಿದ ಈತನ ಮನೆಮಾತು ಯಿಡ್ಡಿಶ್. 1881ರಲ್ಲಿ ಪತ್ನಿ ದೆವೋರಾಳೊಡನೆ ಪ್ಯಾಲೆಸ್ಟೈನಿಗೆ ಬಂದು, ಇನ್ನು ಮುಂದೆ ಮನೆಯಲ್ಲಿ ಹೀಬ್ರೂ ಹೊರತು ಬೇರೆ ಮಾತಿಲ್ಲವೆಂದು ನಿಶ್ಚಯಿಸಿದ. ಮರುವರ್ಷ ಮಗ ಬೆನ್ ತ್ಸಿಯೋನ್ ಹುಟ್ಟಿದ. ಇತಾಮಾರ್ ಬೆನ್ ಅವಿ ಎಂಬ ಹೆಸರಿನಲ್ಲಿ ಮುಂದೆ ಪತ್ರಕರ್ತನಾದ ಈ ಮಗುವನ್ನು ಆಧುನಿಕ ಕಾಲದ ಮೊದಲ ಹೀಬ್ರೂ ಮನೆಮಾತಿನ ಮಗುವೆಂದು ಕರೆಯುತ್ತಾರೆ. ಬೇರೆ ಭಾಷೆ ಮಗುವಿನ ಕಿವಿಗೆ ಬೀಳಬಾರದೆಂದು ಅವನನ್ನು ಇತರ ಮಕ್ಕಳೊಡನೆ ಬೆರೆಯಲು ಬಿಡಲಿಲ್ಲ. ಮಗು ಬಹಳ ಕಾಲ ಮಾತೇ ಆಡಲಿಲ್ಲ. ಒಂದು ದಿನ ದೆವೋರಾ ರಷ್ಯನ್ ಭಾಷೆಯ ಜೋಗುಳ ಹಾಡುತ್ತಿರುವಾಗ ಮನೆಗೆ ಬಂದ ತಂದೆ ಕಿಡಿಕಿಡಿಯಾದನಂತೆ. ಆ ಗದ್ದಲದ ಭಯದಲ್ಲಿಯೇ ಮಗು ಮಾತಾಡಿತಂತೆ. ಈ ಘಟನೆಯನ್ನು ಆ ಮಗನೇ ಬೆಳೆದ ಮೇಲೆ ತನ್ನ ನೆನಪುಗಳಲ್ಲಿ ಬರೆದಿದ್ದಾನೆ.

ಬೆನ್ ಯೆಹೂದಾನ ಪರಿಶ್ರಮದಲ್ಲಿ ನಮಗೆ ಸಂದೇಹವಿಲ್ಲ. ಪದಕೋಶಕ್ಕೆ ಅದುವರೆಗೆ ಹೀಬ್ರೂವಿನಲ್ಲಿ ‘ಪದಗಳ ಪುಸ್ತಕ’ ಎಂಬ ಎರಡು ಪದಗಳ ಹೆಸರಿತ್ತು. ಆತ ‘ಮಿಲೋನ್’ ಎಂಬ ಒಂದೇ ಪದ ಕಟ್ಟಿದ. ಪತ್ರಿಕೆಗೆ ‘ಇತೋನ್’, ಐಸ್‌ಕ್ರೀಮಿಗೆ ‘ಗ್ಲಿದಾ’, ಮಕ್ಕಳಾಡುವ ಬೊಂಬೆಗೆ ‘ಬುಬಾ’. ಎಲ್ಲವೂ ನಿಲ್ಲಲಿಲ್ಲ. ಟೊಮೇಟೊಗೆ ಆತ ಸೂಚಿಸಿದ ‘ಬದೂರಾ’ವನ್ನು ಜನ ಒಪ್ಪದೆ ‘ಅಗ್ವಾನಿಯಾ’ ಎಂಬುದನ್ನೇ ಉಳಿಸಿಕೊಂಡರು. ಆತನ ಮಹಾಕೋಶದ ಹದಿನೇಳು ಸಂಪುಟಗಳು ಪೂರ್ತಿಯಾದದ್ದು 1959ರಲ್ಲಿ. ಆತ 1922ರಲ್ಲಿಯೇ ತೀರಿಕೊಂಡಿದ್ದ.

ಆದರೆ ಒಂದು ಮನೆ ಒಂದು ಭಾಷೆಯನ್ನು ಬದುಕಿಸಲಾರದು. ಹೀಬ್ರೂವನ್ನು ಬೀದಿಗೆ ತಂದವರು ಶಾಲೆಯ ಅಧ್ಯಾಪಕರು. ಜೆರುಸಲೇಮಿನ ಶಾಲೆಯೊಂದರ ಮುಖ್ಯಸ್ಥ ನಿಸ್ಸೀಮ್ ಬೆಹಾರ್ ಎಂಬಾತ ಅನುವಾದದ ನೆರವಿಲ್ಲದೆ ಹೀಬ್ರೂವನ್ನು ಹೀಬ್ರೂವಿನಲ್ಲಿಯೇ ಕಲಿಸುವ ಕ್ರಮ ತಂದ. ‘ಇವ್ರಿತ್ ಬೆ-ಇವ್ರಿತ್’ ಎಂದು ಅದರ ಹೆಸರು. ಕಿಟಕಿ ತೋರಿಸಿ ಕಿಟಕಿ ಎನ್ನುವುದು; ನೀರು ಕುಡಿದು ಕುಡಿದೆ ಎನ್ನುವುದು. 1886ರಲ್ಲಿ ರಿಶೋನ್ ಲೆತ್ಸಿಯೋನ್ ಎಂಬ ವಸಾಹತಿನಲ್ಲಿ ಹೀಬ್ರೂ ಶಾಲೆ ಆರಂಭವಾಯಿತು. 1898ರಲ್ಲಿ ಅಲ್ಲಿಯೇ ಶಿಶುವಿಹಾರ. ಅಧ್ಯಾಪಕರಲ್ಲಿ ಅನೇಕರಿಗೆ ಆ ಭಾಷೆಯಲ್ಲಿ ಮಾತಾಡಿ ಅಭ್ಯಾಸವಿರಲಿಲ್ಲ. ಪಠ್ಯಪುಸ್ತಕವಿಲ್ಲ, ಹೂವಿನ ಹೆಸರಿಲ್ಲ, ಆಟದ ಪದವಿಲ್ಲ. ಶಿಶುವಿಹಾರದಲ್ಲಿ ಕಲಿತ ಮಕ್ಕಳು ಮನೆಗೆ ಬಂದು ತಾಯಂದಿರಿಗೆ ಮಾತು ಕಲಿಸಿದರು. ಸಾಮಾನ್ಯವಾಗಿ ತಾಯಿಯಿಂದ ಮಗುವಿಗೆ ಹರಿಯುವ ಭಾಷೆ ಇಲ್ಲಿ ಮಗುವಿನಿಂದ ತಾಯಿಗೆ ಹರಿಯಿತು.

ಯಾವ ಉಚ್ಚಾರಣೆ ಎಂಬ ಪ್ರಶ್ನೆಯೂ ಬಂತು. ಪೂರ್ವ ಯುರೋಪಿನವರು ಒಂದು ಬಗೆಯಾಗಿ, ಸ್ಪೇನಿನ ಮೂಲದ ಸೆಫಾರ್ದಿಗಳು ಇನ್ನೊಂದು ಬಗೆಯಾಗಿ ಓದುತ್ತಿದ್ದರು. 1903ರಲ್ಲಿ ಜಿಖ್ರೋನ್ ಯಾಕೋವ್ ಎಂಬಲ್ಲಿ ಸೇರಿದ ಅಧ್ಯಾಪಕರ ಸಭೆ ಸೆಫಾರ್ದಿ ಉಚ್ಚಾರಣೆಯ ಪರವಾಗಿ ನಿಂತಿತು. 1913ರಲ್ಲಿ ಹೈಫಾದ ತಾಂತ್ರಿಕ ವಿದ್ಯಾಲಯದಲ್ಲಿ ಜರ್ಮನ್ ಬೋಧನಾಭಾಷೆಯಾಗಬೇಕೆಂಬ ನಿರ್ಧಾರದ ವಿರುದ್ಧ ಅಧ್ಯಾಪಕರೂ ವಿದ್ಯಾರ್ಥಿಗಳೂ ಮುಷ್ಕರ ಹೂಡಿದರು. ‘ಭಾಷೆಗಳ ಯುದ್ಧ’ ಎಂದು ಇತಿಹಾಸಕಾರರು ಕರೆಯುವ ಆ ಹೋರಾಟದಲ್ಲಿ ಹೀಬ್ರೂ ಗೆದ್ದಿತು. 1922ರಲ್ಲಿ ಬ್ರಿಟಿಷ್ ಆಡಳಿತ ಇಂಗ್ಲಿಷ್ ಮತ್ತು ಅರಬ್ಬಿಯ ಜೊತೆಗೆ ಹೀಬ್ರೂವನ್ನೂ ಅಧಿಕೃತ ಭಾಷೆಯಾಗಿ ಮನ್ನಿಸಿತು.

ಈ ಕಥೆಯನ್ನು ಬರಿಯ ವಿಜಯಗಾಥೆಯಾಗಿ ಹೇಳಿ ಮುಗಿಸುವುದು ನಮಗೆ ಸರಿಯೆನಿಸುವುದಿಲ್ಲ. ‘ಹೀಬ್ರೂ ಜನರೇ, ಹೀಬ್ರೂ ಮಾತಾಡಿ’ ಎಂಬ ಘೋಷಣೆಯೊಡನೆ 1923ರಲ್ಲಿ ತೆಲ್ ಅವೀವ್‌ನಲ್ಲಿ ಭಾಷಾರಕ್ಷಕರ ದಂಡೊಂದು ಹುಟ್ಟಿಕೊಂಡಿತು. ಬೀದಿಯಲ್ಲಿ ಯಿಡ್ಡಿಶ್ ಮಾತಾಡುವವರನ್ನು ತಡೆದು ನಾಚಿಕೆಪಡಿಸುವುದು ಅದರ ಕಾಯಕವಾಯಿತು. ಆ ಯಿಡ್ಡಿಶ್ ಕೂಡ ಯಾರದೋ ತಾಯಿಯ ಮಾತಾಗಿತ್ತು. ಸ್ಪೇನಿನಿಂದ ಹೊರಬಿದ್ದವರು ನಾಲ್ಕು ಶತಮಾನ ಕಾಪಾಡಿಕೊಂಡು ಬಂದ ಲಾದಿನೋ, ಬಾಗ್ದಾದಿನ ಯೆಹೂದ್ಯರ ಅರಬ್ಬಿ ಇವೂ ಮುಂದಿನ ತಲೆಮಾರಿನಲ್ಲಿ ಸೊರಗಿದವು. 1948ರ ಯುದ್ಧದಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ಟೈನಿಯರು ನೆಲೆ ಕಳೆದುಕೊಂಡರು; ಅನೇಕ ಅರಬ್ಬಿ ಊರುಗಳ ಜಾಗದಲ್ಲಿ ಹೀಬ್ರೂ ಹೆಸರುಗಳು ಬಂದವು. 2018ರ ಶಾಸನ ಅರಬ್ಬಿಯನ್ನು ರಾಜ್ಯಭಾಷೆಯ ಸ್ಥಾನದಿಂದ ಇಳಿಸಿ ‘ವಿಶೇಷ ಸ್ಥಾನಮಾನ’ ಎಂದು ಬರೆಯಿತು. ಒಂದು ನುಡಿ ಏಳುವಾಗ ಅದರ ನೆರಳಿನಲ್ಲಿ ಯಾವ ಯಾವ ನುಡಿಗಳು ಕುಳಿತುಬಿಡುತ್ತವೆ ಎಂದು ಕೇಳಿಕೊಳ್ಳುವುದು, ಪರಭಾಷೆಯ ನಡುವೆ ಬಾಳುವ ನಮ್ಮಂತಹ ಹೊರನಾಡ ಕನ್ನಡಿಗರಿಗೆ ಸಹಜವಾಗಿಯೇ ಬರಬೇಕಾದ ಪ್ರಶ್ನೆ.

ಇನ್ನು ನಮ್ಮ ಕಿವಿಗೆ ತಲುಪಿದ ಪಾಠಗಳ ವಂಶಾವಳಿ. ಇಸ್ರೇಲ್ ಸ್ಥಾಪನೆಯಾದ ಮೊದಲ ಮೂರು ವರ್ಷಗಳಲ್ಲಿ ಅಲ್ಲಿನ ಯೆಹೂದ್ಯ ಜನಸಂಖ್ಯೆ ಇಮ್ಮಡಿಯಾಯಿತು. ಬಂದವರಿಗೆ ಬೇಗ ಮಾತು ಕಲಿಸಬೇಕಿತ್ತು. 1949ರಲ್ಲಿ ಜೆರುಸಲೇಮಿನಲ್ಲಿ ‘ಉಲ್ಪಾನ್ ಎತ್ಸಿಯೋನ್’ ಎಂಬ ಮೊದಲ ತೀವ್ರ ಭಾಷಾಶಾಲೆ ತೆರೆಯಿತು. ವೈದ್ಯರು, ವಕೀಲರು, ಇಂಜಿನಿಯರರು ಮಕ್ಕಳ ಹಾಗೆ ಬೆಂಚಿನ ಮೇಲೆ ಕುಳಿತು ‘ಇದು ಏನು?’ ಎಂಬಲ್ಲಿಂದ ಆರಂಭಿಸಿದರು. ಬಾನುಲಿ ಅವರಿಗಾಗಿ ನಿಧಾನದ, ಸುಲಭ ಹೀಬ್ರೂವಿನ ವಾರ್ತೆಗಳನ್ನು ಪ್ರಸಾರ ಮಾಡಿತು.

ಧ್ವನಿಮುದ್ರಣದಿಂದ ಭಾಷೆ ಕಲಿಸುವ ಯೋಚನೆ ಇದಕ್ಕಿಂತ ಹಳೆಯದು. 1901ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಲಿಂಗ್ವಾಫೋನ್ ಸಂಸ್ಥೆ ಮೊದಲು ಮೇಣದ ಉರುಳೆಗಳ ಮೇಲೆ, ಬಳಿಕ ತಟ್ಟೆಗಳ ಮೇಲೆ ಪಾಠಗಳನ್ನು ಮಾರಿತು. ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆ ತನ್ನ ಅಧಿಕಾರಿಗಳಿಗಾಗಿ ಟೇಪುಗಳೊಡನೆ ಸಿದ್ಧಪಡಿಸಿದ ಹೀಬ್ರೂ ಪಠ್ಯ 1965ರದು. ಇಂಗ್ಲಿಷ್ ಮನೆಮಾತಿನವರಿಗೆ ಹೀಬ್ರೂ ಕೈವಶವಾಗಲು ಸುಮಾರು 1100 ಗಂಟೆಗಳ ತರಗತಿ ಬೇಕೆಂದು ಅದೇ ಸಂಸ್ಥೆಯ ಲೆಕ್ಕ. ಆ ಲೆಕ್ಕವನ್ನು ಕಂಡ ದಿನ ನಾವು ನಮ್ಮ ನಿವೃತ್ತಿಯ ದಿನಾಂಕವನ್ನು ನೆನೆದು ಸಮಾಧಾನ ತಂದುಕೊಂಡೆವು.

1967ರಲ್ಲಿ ಪಾಲ್ ಪಿಮ್ಸ್ಲರ್ ಎಂಬ ಅಮೆರಿಕನ್ ಭಾಷಾಧ್ಯಾಪಕ ಒಂದು ಲೇಖನದಲ್ಲಿ ನೆನಪಿನ ವೇಳಾಪಟ್ಟಿಯನ್ನು ಮಂಡಿಸಿದ. ಹೊಸ ಪದವೊಂದನ್ನು ಕಲಿತ ಬಳಿಕ ಅದನ್ನು ಮತ್ತೆ ನೆನಪಿಸಬೇಕಾದ ಅಂತರಗಳು: ಐದು ಸೆಕೆಂಡು, ಇಪ್ಪತ್ತೈದು ಸೆಕೆಂಡು, ಎರಡು ನಿಮಿಷ, ಹತ್ತು ನಿಮಿಷ, ಒಂದು ಗಂಟೆ, ಐದು ಗಂಟೆ, ಒಂದು ದಿನ, ಐದು ದಿನ, ಇಪ್ಪತ್ತೈದು ದಿನ, ನಾಲ್ಕು ತಿಂಗಳು, ಎರಡು ವರ್ಷ. ಮರೆಯುವ ಅಂಚಿಗೆ ಬಂದಾಗ ಒಮ್ಮೆ ಕರೆದರೆ ಪದ ಮರಳಿ ಬರುತ್ತದೆ. ಪ್ರತಿ ಸಲ ಮರಳಿದಾಗಲೂ ಮೊದಲಿಗಿಂತ ಹೆಚ್ಚು ಕಾಲ ಉಳಿಯುತ್ತದೆ. ಕಲಿಯುವವನು ಬರಿದೆ ಅನುಕರಿಸಬಾರದು. ಪ್ರಶ್ನೆ ಕೇಳಿ, ಬಿಡುವು ಕೊಟ್ಟು, ಉತ್ತರವನ್ನು ಅವನ ಒಳಗಿನಿಂದಲೇ ಬರಿಸಬೇಕು. ನಮ್ಮ ಪಾಠದಲ್ಲಿರುವ ಮೌನ ಹಾಗೆ ಅಳೆದು ಇಟ್ಟ ಮೌನ.

ಮೊದಮೊದಲು ಇದನ್ನು ನಾವು ಗಿಳಿಪಾಠವೆಂದು ಹಗುರವಾಗಿ ಕಂಡಿದ್ದೆವು. ಹೀಬ್ರೂವಿನಲ್ಲಿ ಗಿಳಿಗೆ ‘ತುಕಿ’ ಎನ್ನುತ್ತಾರೆ. ಬೈಬಲ್ಲಿನ ಅರಸರ ಗ್ರಂಥದಲ್ಲಿ ಸೊಲೊಮನ್ ರಾಜನ ಹಡಗುಗಳು ಚಿನ್ನ, ಬೆಳ್ಳಿ, ದಂತ, ಕೋತಿಗಳ ಜೊತೆಗೆ ‘ತುಕ್ಕಿಯೀಮ್’ ತಂದವೆಂದಿದೆ. ಅಲ್ಲಿ ಅದರ ಅರ್ಥ ನವಿಲು ಎಂಬುದು ಪರಂಪರೆಯಿಂದ ಬಂದ ವ್ಯಾಖ್ಯಾನ. ಆ ಪದ ತಮಿಳಿನ ‘ತೋಗೈ’ಯಿಂದ ಹೋಗಿರಬೇಕೆಂದು ಅನೇಕ ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ನವಿಲಿನ ಗರಿಯ ಬಾಲವೆಂದು ಅದರ ಅರ್ಥ. ಬಾಲಕ್ಕೆ ನಮ್ಮ ಹಳೆಯ ಕನ್ನಡದಲ್ಲಿರುವ ‘ತೋಕೆ’ ಅದರ ಒಡಹುಟ್ಟು. ಆಧುನಿಕ ಹೀಬ್ರೂವಿನಲ್ಲಿ ಅದೇ ಪದ ಗಿಳಿಯಾಯಿತು. ದಕ್ಷಿಣದ ಕರಾವಳಿಯಿಂದ ಹೊರಟಿರಬಹುದಾದ ಪದವೊಂದು ಸಾವಿರಾರು ವರ್ಷಗಳ ಬಳಿಕ ಲೋಕಲ್ ರೈಲಿನಲ್ಲಿ ನಮ್ಮ ಕಿವಿಗೆ ಮರಳಿದ ದಿನ ಗಿಳಿಪಾಠದ ಮೇಲಿನ ತಾತ್ಸಾರ ಹೊರಟುಹೋಯಿತು.

ಕಿವಿಯ ಪಾಠ ಇನ್ನೂ ಕೆಲವು ಸಂಗತಿಗಳನ್ನು ಕಲಿಸಿತು. ಹೀಬ್ರೂವಿನಲ್ಲಿ ‘ನಾನು ಮಾತಾಡುತ್ತೇನೆ’ ಎಂದು ಗಂಡಸು ಹೇಳಿದರೆ ‘ಅನಿ ಮೆದಬೇರ್’, ಹೆಂಗಸು ಹೇಳಿದರೆ ‘ಅನಿ ಮೆದಬೇರೆತ್’. ಕನ್ನಡದಲ್ಲಿ ಲಿಂಗಭೇದ ಕಾಣುವುದು ‘ಬಂದನು, ಬಂದಳು’ ಎಂದು ಮೂರನೆಯವರ ವಿಷಯ ಹೇಳುವಾಗ ಮಾತ್ರ. ಅಲ್ಲಿ ಸ್ವಂತ ಮಾತಿಗೂ ಆ ಭೇದ ಅಂಟಿದೆ. ನಮ್ಮ ‘ನೀನು’, ‘ನೀವು’ಗಳ ಮರ್ಯಾದೆಯ ಭೇದವಾದರೋ ಅಲ್ಲಿಲ್ಲ. ಮಂತ್ರಿಯೂ ‘ಅತಾ’, ಮಗುವೂ ‘ಅತಾ’. ಕಡತಗಳಲ್ಲಿ ‘ಮಾನ್ಯರೇ’ ಎಂದು ಬರೆದು ಬೆರಳು ಸವೆದ ನಮ್ಮಂತಹ ಕೇಂದ್ರ ಸರ್ಕಾರದ ನೌಕರರಿಗೆ ಇದು ಚಿಕ್ಕ ಆಘಾತವೇ ಸರಿ. ಆದರೆ ‘ಇವರು ನಮ್ಮ ತಂದೆ’ ಎನ್ನುವಲ್ಲಿ ಕನ್ನಡಕ್ಕೆ ಕ್ರಿಯಾಪದ ಬೇಡವಾದಂತೆ ಹೀಬ್ರೂವಿಗೂ ಬೇಡ. ಇಂಗ್ಲಿಷಿನ ಮೂಲಕ ಕಲಿಯುವವರು ಅಲ್ಲಿ ತಡವರಿಸಬಹುದು. ಕನ್ನಡಿಗರು ಸರಾಗವಾಗಿ ದಾಟುತ್ತಾರೆ. ತಂದೆಗೆ ‘ಅಬ್ಬಾ’, ತಾಯಿಗೆ ‘ಇಮಾ’. ಇವು ಬಂಧುತ್ವದ ಸಾಕ್ಷಿಯಲ್ಲ. ಎಲ್ಲ ದೇಶಗಳ ಮಕ್ಕಳ ತುಟಿಗಳೂ ಒಂದೇ ಬಗೆಯವು ಎಂಬುದಕ್ಕೆ ಸಾಕ್ಷಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾವು ಪ್ರಬೋಧ, ಪ್ರವೀಣ, ಪ್ರಾಜ್ಞ ಎಂಬ ಮೂರು ಹಿಂದಿ ಪರೀಕ್ಷೆಗಳನ್ನು ಒಂದರ ಹಿಂದೊಂದರಂತೆ ಪಾಸುಮಾಡಿದೆವು. ಅದರಿಂದ ಓದು ಬರಹ ಬಂತು. ಬಾಯಿಗೆ ಹಿಂದಿ ಬಂದದ್ದು ಮಾತ್ರ ಕ್ಯಾಂಟೀನಿನ ಸಾಲಿನಲ್ಲಿ, ಹಿಂದೆ ನಿಂತವರು ಕಾಯುತ್ತಿರುವಾಗ, ಎದುರಿನವನು ‘ಏನು ಬೇಕು?’ ಎಂದು ಕೇಳಿ ಸುಮ್ಮನೆ ನಮ್ಮ ಮುಖ ನೋಡಿದಾಗ. ಬೆಹಾರನ ತರಗತಿಯಲ್ಲಿ, ಉಲ್ಪಾನಿನ ಬೆಂಚಿನಲ್ಲಿ, ಪಿಮ್ಸ್ಲರನ ಪಾಠದಲ್ಲಿ ನಡೆದದ್ದೂ ಇದೇ. ಒಬ್ಬರು ಕೇಳಿದರು, ಬೇರೆ ಭಾಷೆಗೆ ಜಾರದೆ ಉತ್ತರಕ್ಕಾಗಿ ಕಾದರು. ಬೆನ್ ಯೆಹೂದಾನ ನಿಷೇಧಕ್ಕಿಂತ ಈ ಕಾಯುವಿಕೆಯೇ ಹೀಬ್ರೂವನ್ನು ಬಾಯಿಗೆ ತಂದಿತೆಂದು ಈಗ ನಮಗೆ ತೋರುತ್ತದೆ.

ಹಾಗೆ ತೋರಿದ ದಿನ ಮನೆಯ ನೆನಪಾಗಿ ಸಂಕಟವೂ ಆಯಿತು. ನಮ್ಮ ಹನ್ನೊಂದು ವರ್ಷದ ಮಗಳಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಬರುತ್ತದೆ. ಅವಳಿಗೆ ಕನ್ನಡ ಬಾರದೆಂದು ನೆಂಟರ ಮುಂದೆ ಹೇಳಿಕೊಳ್ಳುತ್ತಿದ್ದೆವು. ಕೇಳಿನೋಡಿದರೆ ತಪ್ಪು ನಮ್ಮದು. ಕನ್ನಡದಲ್ಲಿ ಪ್ರಶ್ನೆ ಕೇಳಿ, ಅವಳು ಬಾಯಿ ತೆರೆಯುವ ಮೊದಲೇ ಅದನ್ನು ಇಂಗ್ಲಿಷಿಗೆ ತಿರುಗಿಸುವವರು ನಾವೇ. ಹಾವೇರಿಯಿಂದ ಅಜ್ಜಿ ಫೋನು ಮಾಡಿದಾಗ ನಡುವೆ ಬಾಯಿ ಹಾಕಿ ಉತ್ತರ ಒಪ್ಪಿಸುವವರೂ ನಾವೇ. ಹೊರದೇಶದ ಒಂದು ಧ್ವನಿಮುದ್ರಣ ನಮಗೆ ದಿನವೂ ಕೊಡುವ ನಾಲ್ಕಾರು ಕ್ಷಣಗಳ ಬಿಡುವನ್ನು ನಾವು ಸ್ವಂತ ಮಗಳಿಗೆ ಹನ್ನೊಂದು ವರ್ಷ ಕೊಟ್ಟಿರಲಿಲ್ಲ.

ಹಾಗೆಂದು ಮನೆಯಲ್ಲಿ ಮರಾಠಿಗೆ ಬಾಗಿಲು ಮುಚ್ಚುವ ಮನಸ್ಸು ನಮಗಿಲ್ಲ. ದೆವೋರಾಳ ಜೋಗುಳದ ಕಥೆ ಓದಿದ ಮೇಲೆ ಅದು ಸಾಧ್ಯವೂ ಇಲ್ಲ. ಇಸ್ರೇಲಿಗೆ ವಲಸೆ ಹೋದ ಬೆನೆ ಇಸ್ರೇಲ್ ಜನ ಉಲ್ಪಾನಿನಲ್ಲಿ ಹೀಬ್ರೂ ಕಲಿತರು. ಕಲಿತ ಮೇಲೂ ಅಲ್ಲಿ ‘ಮಾಯಬೋಲಿ’ ಎಂಬ ಮರಾಠಿ ಪತ್ರಿಕೆ ಹೊರತಂದರು. ಒಂದು ನಾಲಿಗೆಯಲ್ಲಿ ಎರಡಕ್ಕೂ ಸ್ಥಳವುಂಟು.

ಕಳೆದ ಭಾನುವಾರ ಅಜ್ಜಿಯ ಫೋನು ಬಂತು. ‘ಏನ ಉಂಡಿ ಇವತ್ತ?’ ಎಂದು ಆ ಕಡೆಯಿಂದ ಪ್ರಶ್ನೆ. ಮಗಳು ನಮ್ಮ ಮುಖ ನೋಡಿದಳು. ನಾವು ಕಿಟಕಿಯ ಹೊರಗೆ ನೋಡುತ್ತ ಮನಸ್ಸಿನಲ್ಲಿಯೇ ಒಂದರಿಂದ ಐದರವರೆಗೆ ಎಣಿಸಿದೆವು. ಐದು ಮುಗಿದು ಏಳಾಯಿತು. ‘ಅಜ್ಜೀ, ನಾನು ಅನ್ನ ಸಾರು ಉಂಡಿ’ ಎಂದಳು, ಕೇಳಿದ ಪದವನ್ನೇ ಗಿಳಿಯ ಹಾಗೆ ಎತ್ತಿಕೊಂಡು. ಆ ಕಡೆ ನಗು. ‘ಉಂಡಿ ಅಲ್ಲವ್ವಾ, ಉಂಡೆ ಅನ್ನಬೇಕು’ ಎಂದರು ಅಜ್ಜಿ. ‘ಉಂಡೆ’ ಎಂದಳು ಮಗಳು. ಅಜ್ಜಿ ಮುಂದಿನ ಪ್ರಶ್ನೆ ಕೇಳಿದರು. ನಾವು ಮತ್ತೆ ಎಣಿಸತೊಡಗಿದೆವು.